ಒಪ್ಪುವುದು ಎಂದರೆ ಯಾರಿಗೆ?

ವಾರಪತ್ರಿಕೆಗಳ ಮಹಿಳಾ ಪುಟಗಳಲ್ಲಿ ದಶಕಗಳಿಂದ ತಪ್ಪದೆ ಬರುವ ಒಂದು ಲೇಖನವಿದೆ. ಬರೆಯುವವರು ಬದಲಾಗುತ್ತಾರೆ, ಫೋಟೊ ಬದಲಾಗುತ್ತದೆ, ಲೇಖನ ಮಾತ್ರ ಅದೇ. ಕುಳ್ಳಗಿರುವವರು ಅಗಲ ಅಂಚಿನ ಸೀರೆ ಉಡಬಾರದು. ದಪ್ಪಗಿರುವವರು ಗಂಜಿ ಹಾಕಿದ ಕಾಟನ್ ಸೀರೆಯಿಂದ ದೂರವಿರಬೇಕು. ಕ್ರೇಪ್, ಜಾರ್ಜೆಟ್ ಆಗಬಹುದು. ತೆಳ್ಳಗಿರುವವರು ಆರ್ಗಾಂಜಾ, ಟಿಶ್ಯೂ ಉಟ್ಟರೆ ಮೈ ತುಂಬಿದಂತೆ ಕಾಣುತ್ತದೆ. ಕುತ್ತಿಗೆ ಗಿಡ್ಡವಾಗಿದ್ದರೆ ಅಡ್ಡಿಕೆ ಬೇಡ, ಉದ್ದ ಸರ ಇರಲಿ. ದುಂಡು ಮುಖಕ್ಕೆ ನೇತಾಡುವ ಓಲೆ, ಉದ್ದ ಮುಖಕ್ಕೆ ಕಿವಿಗೆ ಅಂಟಿಕೊಂಡ ಓಲೆ. ತೋಳು ದಪ್ಪಗಿದ್ದರೆ ಸ್ಲೀವ್‌ಲೆಸ್ ಕೂಡದು, ಮೊಣಕೈವರೆಗೆ ತೋಳಿರಬೇಕು. ಸೊಂಟ ಅಗಲವಿರುವವರ ಕುರ್ತಾ ಸೊಂಟದ ಹತ್ತಿರವೇ ನಿಲ್ಲಬಾರದು, ಮೊಣಕಾಲು ದಾಟಬೇಕು.

ಇಲ್ಲಿ ನನ್ನ ಗಮನ ಹೋಗುವುದು ಬಟ್ಟೆಯ ಕಡೆಗಲ್ಲ, ಕ್ರಿಯಾಪದಗಳ ಕಡೆಗೆ. ಬಾರದು, ಕೂಡದು, ಬೇಕು. ಸುಳ್ಳು ಹೇಳಬಾರದು, ಕದಿಯಬಾರದು, ದಪ್ಪಗಿರುವವರು ಅಡ್ಡಪಟ್ಟೆ ಹಾಕಬಾರದು. ಕಣ್ಣಿಗೆ ಬಟ್ಟೆ ಹೇಗೆ ಕಾಣುತ್ತದೆ ಎಂಬ ಸಾದಾ ತಿಳಿವಳಿಕೆಯೊಂದು ಯಾವಾಗ ವಿಧಿ ನಿಷೇಧಗಳ ಭಾಷೆ ಕಲಿಯಿತು? ಅಡುಗೆಯ ಲೇಖನದಲ್ಲೂ ‘ಉಪ್ಪು ಹೆಚ್ಚಾಗಬಾರದು’ ಎಂದು ಬರೆಯುತ್ತಾರೆ, ನಿಜ. ಆದರೆ ಉಪ್ಪು ಹೆಚ್ಚಾದರೆ ಸಾರು ಕೆಡುತ್ತದೆ, ಅಷ್ಟೆ. ಅಗಲ ಅಂಚಿನ ಸೀರೆ ಉಟ್ಟ ಕುಳ್ಳ ಹೆಂಗಸಿನಿಂದ ಕೆಡುವುದೇನು? ಕೆಟ್ಟಿತೆಂದು ಅನ್ನಿಸುವುದಾದರೂ ಯಾರಿಗೆ?

ಈ ಪ್ರಶ್ನೆಯನ್ನು ತಮಾಷೆಗಾಗಿ ಕೇಳುತ್ತಿಲ್ಲ. ಹಾಗೆಯೇ ಈ ಲೇಖನಗಳನ್ನೆಲ್ಲ ಒಂದೇ ಏಟಿಗೆ ಕಸದ ಬುಟ್ಟಿಗೆ ಹಾಕಿ, ‘ನಿಮಗಿಷ್ಟ ಬಂದದ್ದು ಹಾಕಿಕೊಳ್ಳಿ’ ಎಂದು ಹೇಳಿ ಮುಗಿಸುವುದೂ ನನಗೆ ಪ್ರಾಮಾಣಿಕವೆನಿಸುವುದಿಲ್ಲ. ಏಕೆಂದರೆ ಇದರಲ್ಲಿ ನಿಜವಾದ ಜ್ಞಾನವಿದೆ. ಮೈಸೂರು ಸಿಲ್ಕ್ ಸೀರೆಯ ಮಾತನ್ನೇ ತೆಗೆದುಕೊಳ್ಳಿ. ಅದರ ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯುತ್ತಾರೆ. ಅದರಿಂದ ಬಟ್ಟೆಗೆ ಒಂದು ತೂಕ, ಒಂದು ಇಳಿಜಾರು ಬರುತ್ತದೆ. ಮೈಮೇಲೆ ಅದು ನೀರಿನಂತೆ ಕೆಳಗಿಳಿಯುತ್ತದೆ, ನೆರಿಗೆ ಹರಡಿಕೊಳ್ಳುವುದಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆಗೆ ತನ್ನದೇ ಆಕಾರವಿರುತ್ತದೆ. ಅದು ಮೈಯನ್ನು ಮುಟ್ಟದೆ ಸುತ್ತ ನಿಲ್ಲುತ್ತದೆ, ಬೆಳಿಗ್ಗೆ ಗೋಪುರ, ಸಂಜೆ ಪಾಳು ಕೋಟೆ. ಗಾಢ ಬಣ್ಣದ ಮೇಲೆ ಬಟ್ಟೆಯ ಮಡಿಕೆಗಳ ನೆರಳು ಎದ್ದು ಕಾಣುವುದಿಲ್ಲ, ಹಾಗಾಗಿ ಆಕಾರ ಒಂದೇ ತುಂಡಾಗಿ ತೋರುತ್ತದೆ. ಸೀರೆಗೂ ರವಿಕೆಗೂ ಒಂದೇ ಬಣ್ಣವಾದರೆ ಕಣ್ಣು ಮೇಲಿನಿಂದ ಕೆಳಗೆ ತಡೆಯಿಲ್ಲದೆ ಹರಿದು ಎತ್ತರ ಹೆಚ್ಚಿದಂತೆ ಅನ್ನಿಸುತ್ತದೆ. ಎದುರು ಬಣ್ಣದ ರವಿಕೆ ತೊಟ್ಟರೆ ನೋಟ ಅಲ್ಲಿ ತುಂಡಾಗುತ್ತದೆ. ಇವೆಲ್ಲ ದರ್ಜಿಗಳು, ನೇಕಾರರು, ಸಾವಿರಾರು ಹೆಂಗಸರು ಕನ್ನಡಿಯ ಮುಂದೆ ನಿಂತು ಕಂಡುಕೊಂಡ ಸಂಗತಿಗಳು. ಅವುಗಳಿಗೆ ಗೌರವ ಸಲ್ಲಬೇಕು.

ಎಲ್ಲವೂ ಸರಿಯಾಗಿ ಕಂಡುಕೊಂಡದ್ದೇನೂ ಅಲ್ಲ. ಅಡ್ಡಪಟ್ಟೆ ದಪ್ಪ ತೋರಿಸುತ್ತದೆ, ಉದ್ದಪಟ್ಟೆ ತೆಳ್ಳಗೆ ತೋರಿಸುತ್ತದೆ ಎಂಬ, ಲೋಕವೇ ಒಪ್ಪಿದ ಸೂತ್ರವನ್ನು ನೋಡಿ. ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 19ನೇ ಶತಮಾನದಲ್ಲೇ ಒಂದು ಚೌಕದೊಳಗೆ ಅಡ್ಡಗೆರೆ ತುಂಬಿದರೆ ಅದು ಅಗಲವಾಗಿ ಅಲ್ಲ, ಎತ್ತರವಾಗಿ ಕಾಣುತ್ತದೆ ಎಂದು ತೋರಿಸಿದ್ದ. ಹೆಂಗಸರ ಅಡ್ಡಪಟ್ಟೆಯ ಉಡುಪೂ ಹಾಗೆಯೇ ಎಂದು ಬರೆದಿದ್ದ. 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಇದನ್ನು ಮತ್ತೆ ಪರೀಕ್ಷಿಸಿ, ಅಡ್ಡಪಟ್ಟೆ ದಪ್ಪ ತೋರಿಸುವುದಿಲ್ಲ ಎಂದೇ ಪ್ರಕಟಿಸಿದರು. ಆದರೂ ಸೂತ್ರ ಸತ್ತಿಲ್ಲ. ತಪ್ಪಾದ ಸೂತ್ರವೊಂದು ಇಷ್ಟು ವರ್ಷ ಬದುಕಿದೆ ಎಂದರೆ, ಅದರ ಕೆಲಸ ಕಣ್ಣಿಗೆ ಸಂಬಂಧಿಸಿದ್ದಲ್ಲ ಎಂಬ ಅನುಮಾನ ನನಗಿದೆ. ದಪ್ಪಗಿರುವವಳಿಗೆ ನೀನು ದಪ್ಪಗಿದ್ದೀಯ ಎಂದು ನೆನಪಿಸುತ್ತಿರುವುದೇ ಅದರ ಕೆಲಸವಿರಬೇಕು.

ಇನ್ನು ಅಗಲ ಅಂಚಿನ ಮಾತು. ಇಳಕಲ್ ಸೀರೆಯ ದಡಿ ನೋಡಿದವರಿಗೆ ಗೊತ್ತು, ಅದು ಸಣ್ಣದಲ್ಲ. ಕೆಂಪು ಸೆರಗು, ಕಣ್ಣು ಕುಕ್ಕುವ ದಡಿ, ಗೋಮಿ, ಗಾಡಿ ಎಂಬ ಅದರ ಹೆಸರುಗಳು. ನೇಕಾರರು ಅದನ್ನು ಎತ್ತರದವರಿಗೊಂದು, ಗಿಡ್ಡದವರಿಗೊಂದು ಎಂದು ನೇಯಲಿಲ್ಲ. ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ತಲೆಮಾರುಗಳ ಕಾಲ ಎಲ್ಲ ಎತ್ತರದ ಹೆಂಗಸರೂ ಅದನ್ನೇ ಉಟ್ಟರು, ಕಚ್ಚೆ ಹಾಕಿ ಹೊಲಕ್ಕೆ ಹೋದರು, ಜಾತ್ರೆಗೂ ಹೋದರು. ಅಲ್ಲಿ ಗಿಡ್ಡ ಹೆಂಗಸರಿರಲಿಲ್ಲವೇ? ಇದ್ದರು. ಗಿಡ್ಡಗೆ ಕಾಣುವುದು ಸೀರೆಯಿಂದ ಸರಿಪಡಿಸಬೇಕಾದ ಕೊರತೆ ಎಂಬ ಯೋಚನೆ ಇರಲಿಲ್ಲ, ಅಥವಾ ಇದ್ದರೂ ಸೀರೆಯೊಳಗೆ ಹೊಕ್ಕಿರಲಿಲ್ಲ.

ಹೊಲಿಯದ ಬಟ್ಟೆಯ ಗುಣವೇ ಅದು. ಆರು ಗಜದ ಸೀರೆಗೆ ಸೈಜ್ ಇಲ್ಲ. ಬಾಣಂತಿಗೂ ಅದೇ, ಮದುವಣಗಿತ್ತಿಗೂ ಅದೇ. ಹೊಲಿಗೆ ಬಂದದ್ದು ರವಿಕೆಯ ಜೊತೆ. ಕುಪ್ಪಸ ನಮ್ಮಲ್ಲಿ ಹಳೆಯದು, ಆದರೆ ಇಂದು ನಾವು ತೊಡುವ, ಒಳಲಂಗ ಸಮೇತ ಸೀರೆಯ ಕೆಳಗೆ ಬರುವ ಬ್ಲೌಸಿನ ರೀತಿ 19ನೇ ಶತಮಾನದ ಕೊನೆಯರ್ಧದಲ್ಲಿ ರೂಪುಗೊಂಡದ್ದು. ಟ್ಯಾಗೋರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಬೊಂಬಾಯಿಯಲ್ಲಿದ್ದು ಪಾರ್ಸಿ ಹೆಂಗಸರನ್ನು ನೋಡಿ ಕಲಿತು ಹೊರಗೆ ಓಡಾಡಲು ತಕ್ಕ ಉಡುಗೆಯೊಂದನ್ನು ರೂಢಿಗೆ ತಂದದ್ದು ದಾಖಲಾಗಿರುವ ವಿಷಯ. ಅದು ಮನೆಯಿಂದ ಹೊರಗೆ ಬರುವ ಸ್ವಾತಂತ್ರ್ಯದ ಬಟ್ಟೆ. ಅದೇ ಬಟ್ಟೆ ಮೈಯ ಅಳತೆಯನ್ನೂ ತಂದಿತು. ಇವತ್ತು ಮದುವೆಗೆ ಹೊರಟ ಯಾವ ಹೆಂಗಸನ್ನಾದರೂ ಕೇಳಿ, ಚಿಂತೆ ಸೀರೆಯದಲ್ಲ, ‘ಬ್ಲೌಸ್ ಆಗುತ್ತೋ ಇಲ್ಲವೋ’ ಎಂಬುದು.

ನೈತಿಕ ಪ್ರಶ್ನೆಗೆ ಬರೋಣ. ಮೈಯನ್ನು ಇರುವುದಕ್ಕಿಂತ ಬೇರೆಯಾಗಿ ತೋರಿಸುವ ಉಡುಗೆ ಸುಳ್ಳೇ? ಗಂಭೀರ ಜನ ಇದನ್ನು ಕೇಳುತ್ತಲೇ ಬಂದಿದ್ದಾರೆ. ಅಲಂಕಾರವನ್ನು ಮಾಯೆಯ ಪಟ್ಟಿಗೆ ಸೇರಿಸಿದವರು ಎಲ್ಲ ಮತಗಳಲ್ಲೂ ಇದ್ದಾರೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದನ್ನೇ ಹೊಸ ಮಾತಿನಲ್ಲಿ ಹೇಳಿದ: ‘ಮ್ಯಾಮ್, ಮೇಕಪ್ಪು, ಹೈ ಹೀಲ್ಸು ಎಲ್ಲ ಚೀಟಿಂಗ್ ಅಲ್ವಾ?’ ಹುಡುಗಿಯರು ಗದ್ದಲ ಮಾಡಿದರು. ನಾನು ಅವನನ್ನು ಕೇಳಿದೆ: ‘ನೀನು ಕೂದಲಿಗೆ ಜೆಲ್ ಹಾಕಿದ್ದೀಯಲ್ಲ, ಯಾರಿಗೆ ಮೋಸ?’ ಅವನು ನಕ್ಕ. ಆದರೆ ನಗು ಉತ್ತರವಲ್ಲ.

ಸುಳ್ಳು ಎನ್ನಿಸಬೇಕಾದರೆ ಮೊದಲು ಒಂದು ಹೇಳಿಕೆ ಇರಬೇಕು. ಎರಡಿಂಚು ಹಿಮ್ಮಡಿಯ ಚಪ್ಪಲಿ ಹಾಕಿದವಳು ‘ನಾನು ಐದಡಿ ಐದಿಂಚು’ ಎಂದು ಯಾರಿಗೂ ಹೇಳುತ್ತಿಲ್ಲ. ಹಿಮ್ಮಡಿ ಎಲ್ಲರ ಕಣ್ಣಿಗೂ ಕಾಣುತ್ತಿದೆ. ನಾವು ಮನೆಗೆ ಬಣ್ಣ ಬಳಿಯುತ್ತೇವೆ, ಮುಂದೆ ರಂಗೋಲಿ ಹಾಕುತ್ತೇವೆ. ಗೋಡೆ ಇಟ್ಟಿಗೆಯದಾಗಿರುವಾಗ ಬಣ್ಣ ಬಳಿದದ್ದು ವಂಚನೆ ಎಂದು ಯಾರೂ ಅನ್ನುವುದಿಲ್ಲ. ಮನೆ ಮಾರಾಟಕ್ಕಿದ್ದಾಗ ಮಾತ್ರ ಅನ್ನುತ್ತಾರೆ. ಬಿರುಕು ಮುಚ್ಚಲು ಬಣ್ಣ ಬಳಿದಿದ್ದಾರೆ ಎಂದು ಕೊಳ್ಳಲು ಬಂದವನು ಗೊಣಗುತ್ತಾನೆ.

ಕೊಳ್ಳುವವನು ಇದ್ದರೆ ಮಾತ್ರ ಮೋಸದ ಮಾತು ಹುಟ್ಟುತ್ತದೆ. ಹೆಣ್ಣಿನ ಉಡುಗೆಯನ್ನು ಕುರಿತು ‘ಇದು ಮೋಸವಲ್ಲವೇ’ ಎಂಬ ಪ್ರಶ್ನೆ ಇಷ್ಟು ಸಲೀಸಾಗಿ ಬರುತ್ತದೆ ಎಂದರೆ, ಕೇಳುವವನು ತಾನು ಕೊಳ್ಳಲು ಬಂದವನು ಎಂದು ಭಾವಿಸಿಯೇ ಕೇಳುತ್ತಿರುತ್ತಾನೆ. ಅವನಿಗೂ ಅದು ಗೊತ್ತಿರುವುದಿಲ್ಲ, ಪಾಪ.

ನಮ್ಮಲ್ಲಿ ಈ ವ್ಯಾಪಾರಕ್ಕೆ ಬಹಳ ಕಾಲ ಒಂದು ಶಾಸ್ತ್ರದ ಹೆಸರೇ ಇತ್ತು, ಹೆಣ್ಣು ನೋಡುವ ಶಾಸ್ತ್ರ. ನಮ್ಮ ದೊಡ್ಡಪ್ಪನ ಮಗಳು, ನಾವೆಲ್ಲ ಅಕ್ಕಯ್ಯ ಎನ್ನುತ್ತಿದ್ದವಳು, ಎತ್ತರದ ಹುಡುಗಿ. ನಾನಾಗ ಮಾಧ್ಯಮಿಕ ಶಾಲೆಯಲ್ಲಿದ್ದೆ. ಗಂಡಿನ ಕಡೆಯವರು ಬರುವ ದಿನ ಮನೆಯ ಹೆಂಗಸರೆಲ್ಲ ಒಂದು ಕೋಣೆಯಲ್ಲಿ ಸೇರಿ ಅವಳನ್ನು ಸಿದ್ಧ ಮಾಡಿದರು. ಹುಡುಗ ಅವಳಿಗಿಂತ ಗಿಡ್ಡ ಎಂದು ಸುದ್ದಿ ಬಂದಿತ್ತು. ಉದ್ದ ಗೆರೆಯ ಸೀರೆ ಬದಿಗೆ ಹೋಯಿತು. ಅಗಲ ಅಂಚಿನದು ಬಂತು. ಅತ್ತೆಯೊಬ್ಬರು ಹೇಳಿದರು: ‘ಕಾಫಿ ಕೊಡೋವಾಗ ಸ್ವಲ್ಪ ಬಗ್ಗಿರು. ತಲೆ ತಗ್ಗಿಸಿದರೆ ಲಕ್ಷಣವಾಗೂ ಕಾಣ್ತೀಯ.’ ಮಹಿಳಾ ಪುಟದ ಸೂತ್ರಗಳೆಲ್ಲ ಅವತ್ತು ತಲೆಕೆಳಗಾಗಿ ಕೆಲಸಕ್ಕೆ ಬಂದವು. ಎತ್ತರ ಮಾಡಬೇಕಾದಲ್ಲಿ ಗಿಡ್ಡ ಮಾಡಬೇಕಿತ್ತು, ಅಷ್ಟೆ. ಸೂತ್ರಕ್ಕೇನು, ಅದು ಯಾರ ಕೈಗಾದರೂ ಸಿಗುತ್ತದೆ. ಎರಡು ದಿನ ಬಿಟ್ಟು ಹೇಳಿ ಕಳಿಸಿದರು: ಹುಡುಗಿ ಒಪ್ಪಿಗೆಯಾಗಿದ್ದಾಳೆ.

ಒಪ್ಪು ಎಂಬ ಈ ಮಾತನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಈಗಿನವರು ‘ಸೂಟ್ ಆಗುತ್ತೆ’ ಅನ್ನುತ್ತಾರೆ. ನಮ್ಮ ಅಜ್ಜಿಯ ಕಾಲದವರು ‘ಈ ಬಣ್ಣ ನಿನಗೆ ಒಪ್ಪುತ್ತೆ’ ಅನ್ನುತ್ತಿದ್ದರು. ಕನ್ನಡದಲ್ಲಿ ಚೆನ್ನಾಗಿ ಹೊಂದುವುದಕ್ಕೂ ಸಮ್ಮತಿ ಕೊಡುವುದಕ್ಕೂ ಒಂದೇ ಪದ. ಸೀರೆ ಒಪ್ಪಿತು ಎಂದರೆ ಚೆಂದ ಕಂಡಿತು. ಹುಡುಗಿ ಒಪ್ಪಿದಳು ಎಂದರೆ ಸಮ್ಮತಿಸಿದಳು. ಹುಡುಗಿ ಒಪ್ಪಿಗೆಯಾದಳು ಎಂದರೆ ಬೇರೆಯವರು ಸಮ್ಮತಿಸಿದರು. ಒಂದು ಪ್ರತ್ಯಯದ ಅಂತರ. ಬಟ್ಟೆ ಒಪ್ಪುತ್ತದೆ ಎನ್ನುವಾಗ ಒಪ್ಪಿಗೆ ಕೊಡುತ್ತಿರುವುದು ಯಾರು? ತೊಟ್ಟವಳೇ, ನೋಡುವವರೇ, ಅಥವಾ ಬಟ್ಟೆಯೇ ಮೈಯನ್ನು ನೋಡಿ ‘ಸರಿ, ಒಪ್ಪಿದೆ’ ಎನ್ನುತ್ತಿದೆಯೇ? ರೆಡಿಮೇಡ್ ಅಂಗಡಿಯ ಟ್ರಯಲ್ ರೂಮಿನಲ್ಲಿ ಜಿಪ್ ಮೇಲೇರದೆ ನಿಂತವರಿಗೆ ಈ ಮೂರನೆಯದೇ ನಿಜ ಎನ್ನಿಸಿರುತ್ತದೆ.

ಟ್ರಯಲ್ ರೂಮಿನ ಆ ಅಂಕಿಗಳು ಎಲ್ಲಿಂದ ಬಂದವು ಎಂಬುದು ಒಂದು ಕತೆ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಮಹಿಳೆಯರ ಮೈ ಅಳತೆ ತೆಗೆಸಿತು. ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಆ ಕೆಲಸದ ಮುಂದಾಳುಗಳು. ಒಬ್ಬೊಬ್ಬರಿಂದ ಐವತ್ತಕ್ಕೂ ಹೆಚ್ಚು ಅಳತೆ. ಟಪಾಲಿನಲ್ಲಿ ಬಟ್ಟೆ ಮಾರುವ ಕಂಪನಿಗಳಿಗೆ ಅಳತೆ ಹೊಂದದೆ ವಾಪಸು ಬರುವ ಬಟ್ಟೆಗಳ ನಷ್ಟ ತಪ್ಪಬೇಕಿತ್ತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಅದರ ಮೇಲೆ 1958ರಲ್ಲಿ ಒಂದು ಅಧಿಕೃತ ಸೈಜ್ ಪಟ್ಟಿ ಬಂತು. ಮೈಗಳು ಪಟ್ಟಿಗೆ ಒಗ್ಗಲಿಲ್ಲ, 1983ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆಮೇಲೆ ಪ್ರತಿ ಕಂಪನಿಗೂ ತನ್ನದೇ ಪಟ್ಟಿ. ನಮ್ಮ ಅಂಗಡಿಗಳ ಎಸ್, ಎಂ, ಎಲ್‌ಗಳು ಇಂಥ ಹೊರಗಿನ ಪಟ್ಟಿಗಳನ್ನೇ ಸ್ವಲ್ಪ ಅತ್ತಿತ್ತ ಎಳೆದು ಮಾಡಿಕೊಂಡವು. ಭಾರತೀಯರನ್ನೇ ಅಳೆಯೋಣ ಎಂದು ನಿಫ್ಟ್ ಸಂಸ್ಥೆ ಹೊರಟದ್ದು ತೀರ ಇತ್ತೀಚೆಗೆ. ಬೆಂಗಳೂರು ಸೇರಿ ಆರು ನಗರಗಳಲ್ಲಿ 25,000 ಜನರನ್ನು ಸ್ಕ್ಯಾನರಿನಲ್ಲಿ ಅಳೆಯುವ ಗುರಿಯಿಟ್ಟುಕೊಂಡು. ಅಲ್ಲಿಯವರೆಗೆ ಟ್ರಯಲ್ ರೂಮಿನಲ್ಲಿ ಜಿಪ್ ಏರದೆ ಕಣ್ಣೊರೆಸಿಕೊಂಡ ಹುಡುಗಿಯರು, ತಾವು ಎಂದೂ ನೋಡದ ಯಾರದೋ ಮೈಯ ಲೆಕ್ಕದಲ್ಲಿ ನಾಪಾಸಾದವರು.

ಇಲ್ಲಿ ಒಂದು ಪಕ್ಕದ ಮಾತು. ಆ ಹೊರದೇಶದ ಅಳತೆಗಳಿಗೆ ಬಟ್ಟೆ ಹೊಲಿಯುವ ಕೈಗಳಲ್ಲಿ ಬೆಂಗಳೂರಿನವೂ ಇವೆ. ಮೈಸೂರು ರಸ್ತೆ, ಪೀಣ್ಯದ ಕಡೆ ಬೆಳಗಿನ ಹೊತ್ತು ನಿಂತರೆ ಟೆಂಪೊಗಳಲ್ಲಿ ಗಾರ್ಮೆಂಟ್ಸ್ ಹೆಂಗಸರು ಹೋಗುವುದು ಕಾಣುತ್ತದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೀದಿಗಿಳಿದು ಕೇಂದ್ರ ಸರ್ಕಾರವನ್ನು ಮಣಿಸಿದವರು ಇವರೇ. ಒಬ್ಬಳು ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳು ಮಾತ್ರ. ಇಡೀ ಬಟ್ಟೆಯನ್ನೂ ನೋಡುವುದಿಲ್ಲ, ತೊಡುವ ಮೈಯನ್ನೂ ನೋಡುವುದಿಲ್ಲ. ಒಪ್ಪುವ ಬಟ್ಟೆಯ ಚರ್ಚೆಯಲ್ಲಿ ಇವರ ಹೆಸರು ಯಾವತ್ತೂ ಬರುವುದಿಲ್ಲ.

ನನ್ನ ದೊಡ್ಡ ತಕರಾರು ಮಾತ್ರ ಬೇರೆ. ಈ ಲೇಖನಗಳು ‘ಬೇರೆ ಬೇರೆ ಮೈಕಟ್ಟಿನವರಿಗೆ ಬೇರೆ ಬೇರೆ ಉಡುಗೆ’ ಎಂಬ ಉದಾರ ತಲೆಬರಹದಲ್ಲಿ ಶುರುವಾಗುತ್ತವೆ. ಸೇಬಿನ ಆಕಾರ, ಪೇರು ಹಣ್ಣಿನ ಆಕಾರ, ಮರಳು ಗಡಿಯಾರದ ಆಕಾರ. (ಹಣ್ಣಿನ ಅಂಗಡಿಯಲ್ಲಿ ಗಡಿಯಾರ ಹೇಗೆ ಬಂತೋ.) ಆಮೇಲೆ ಒಂದೊಂದಕ್ಕೂ ಕೊಡುವ ಸಲಹೆಗಳನ್ನು ಸೇರಿಸಿ ಓದಿ. ಸೇಬಿನವಳು ಹೊಟ್ಟೆ ಮರೆಸಬೇಕು. ಪೇರಳೆಯವಳು ಭುಜಕ್ಕೆ ಅಗಲ ಕೊಟ್ಟು ಸೊಂಟದ ಮೇಲಿಂದ ಕಣ್ಣು ತಪ್ಪಿಸಬೇಕು. ತೆಳ್ಳಗಿನವಳು ನೆರಿಗೆ, ಫ್ರಿಲ್ ಹಾಕಿ ಇಲ್ಲದ್ದನ್ನು ತುಂಬಿಸಬೇಕು. ಮರಳು ಗಡಿಯಾರದವಳು ಮಾತ್ರ ಏನೂ ಮಾಡಬೇಕಿಲ್ಲ, ಡಾಬು ಕಟ್ಟಿಕೊಂಡು ಸುಮ್ಮನಿದ್ದರೆ ಸಾಕು. ಎಲ್ಲ ದಾರಿಗಳೂ ಹೋಗಿ ಸೇರುವುದು ಅವಳ ಮನೆಯಂಗಳಕ್ಕೆ. ವ್ಯತ್ಯಾಸಗಳನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸುವುದು ಅವುಗಳನ್ನು ಅಳಿಸುವುದಕ್ಕೆ. ದಪ್ಪಗಿರುವವಳು ದಪ್ಪಗಿದ್ದುಕೊಂಡೇ ಭವ್ಯವಾಗಿ ಕಾಣುವುದು ಹೇಗೆ, ಗಿಡ್ಡ ಹೆಂಗಸು ಗಿಡ್ಡಗಿದ್ದುಕೊಂಡೇ ಚುರುಕಾಗಿ ಕಾಣುವುದು ಹೇಗೆ ಎಂದು ಒಂದು ಲೇಖನವಾದರೂ ಬಂದಿದ್ದರೆ ನಾನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ.

ಆ ಮರಳು ಗಡಿಯಾರದವಳು ಶಾಶ್ವತಳೂ ಅಲ್ಲ. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ನಮ್ಮಲ್ಲಿ ಹೊಗಳಿಕೆಯಾಗಿತ್ತು. ಬಡಕಲು ಎಂಬ ಪದದೊಳಗೇ ಬಡತನ ಕೂತಿದೆ. ಉಣ್ಣಲು ಇಲ್ಲದ ಕಾಲದಲ್ಲಿ ತುಂಬಿದ ಮೈ ಸಿರಿ. ಉಣ್ಣಲು ಹೆಚ್ಚಾದ ಮನೆಗಳಲ್ಲಿ ತೆಳ್ಳಗಿರುವುದು ಸಿರಿ. ಎರಡೂ ಕಾಲದಲ್ಲಿ ಮೆಚ್ಚುಗೆ ಸಿಕ್ಕಿದ್ದು ಮೈಗಲ್ಲ, ಮೈ ತೋರಿಸುವ ಅನುಕೂಲಕ್ಕೆ.

ಹಾಗಾದರೆ ಚೆನ್ನಾಗಿ ಕಾಣುವ ಆಸೆಯನ್ನೇ ಬಿಡಬೇಕೆ? ಇಲ್ಲಿ ನಾನು ನನ್ನ ಕೆಲವು ಗೆಳತಿಯರಿಂದ ಬೇರೆಯಾಗುತ್ತೇನೆ. ಅವರಿಗೆ ಅಲಂಕಾರವೆಲ್ಲ ಬೇಡಿ. ನನಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ನೆನಪಾಗುತ್ತದೆ, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದೂ. ಬಾಲ್ಯದಲ್ಲೇ ವಿಧವೆಯಾದವಳ ತಲೆ ಬೋಳಿಸಿ, ರವಿಕೆಯಿಲ್ಲದೆ ಒಂದೇ ಬಣ್ಣದ ಮಡಿ ಸೀರೆ ಸುತ್ತಿ ಮೂಲೆಗೆ ಕೂರಿಸುವ ಪದ್ಧತಿ ನಮ್ಮ ಮಲೆನಾಡಿನಲ್ಲಿ ಅಜ್ಜಿಯಂದಿರ ಕಾಲದವರೆಗೂ ಇತ್ತು. ಅವಳಿಗೆ ಒಪ್ಪದ ಬಟ್ಟೆಯನ್ನು ಹುಡುಕಿಯೇ ಕೊಟ್ಟಿದ್ದರು. ಯಾರ ಕಣ್ಣಿಗೂ ಚೆಂದ ಕಾಣಬಾರದು, ತನ್ನ ಕಣ್ಣಿಗೂ. ಹೂವು, ಬಳೆ, ಬಣ್ಣ ಇವೆಲ್ಲ ಕ್ಷುಲ್ಲಕವಾಗಿದ್ದರೆ ಅವುಗಳನ್ನು ಕಿತ್ತುಕೊಳ್ಳುವುದು ಶಿಕ್ಷೆಯಾಗುತ್ತಿರಲಿಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದು 1859ರಲ್ಲಿ ರಾಜಾಜ್ಞೆ ಪಡೆದರು. ಯಾರು ಏನು ತೊಡಬಹುದು ಎಂದು ಜಾತಿ, ಮನೆ, ಊರು ತೀರ್ಮಾನಿಸುತ್ತಿದ್ದ ನೆಲದಲ್ಲಿ, ‘ನನಗೆ ಈ ಬಣ್ಣ ಚೆನ್ನಾಗಿ ಕಾಣುತ್ತದೆ, ಇದೇ ಬೇಕು’ ಎಂದು ಅಂಗಡಿಯಲ್ಲಿ ಬೆರಳು ತೋರಿಸುವ ಹೆಂಗಸಿನ ಮಾತು ಸಣ್ಣದಲ್ಲ.

ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ‘ವೆಲ್ತ್ ಆಫ್ ನೇಷನ್ಸ್’ ಪುಸ್ತಕದಲ್ಲಿ ಲಿನನ್ ಅಂಗಿಯ ಬಗ್ಗೆ ಒಂದು ಕಡೆ ಬರೆಯುತ್ತಾನೆ. ಬದುಕಲು ಅದು ಅಗತ್ಯವೇನಲ್ಲ, ಗ್ರೀಕರೂ ರೋಮನ್ನರೂ ಅದಿಲ್ಲದೆ ಸುಖವಾಗಿದ್ದರು. ಆದರೆ ತನ್ನ ಕಾಲದಲ್ಲಿ ಒಬ್ಬ ಮರ್ಯಾದಸ್ಥ ಕೂಲಿಯವನಿಗೂ ಅದಿಲ್ಲದೆ ಜನರ ನಡುವೆ ಬರಲು ನಾಚಿಕೆಯಾಗುತ್ತದೆ, ಆದ್ದರಿಂದ ಅದು ಅಗತ್ಯ ವಸ್ತುವೇ ಎನ್ನುತ್ತಾನೆ. ಅಮರ್ತ್ಯ ಸೇನ್ ಬಡತನವನ್ನು ವಿವರಿಸುವಾಗ ಈ ಅಂಗಿಯನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಕ್ಯಾಂಪಸ್ ಇಂಟರ್‌ವ್ಯೂಗೆ ಹಳ್ಳಿಯಿಂದ ಬರುವ ನಮ್ಮ ವಿದ್ಯಾರ್ಥಿನಿಯರನ್ನು ನೋಡಿದಾಗ ನನಗೆ ಆ ಅಂಗಿ ನೆನಪಾಗುತ್ತದೆ. ಭುಜ ಜಾರುವ, ಯಾರದೋ ಅಳತೆಯ ಕುರ್ತಾ ತೊಟ್ಟವಳು ಇಡೀ ಸಂದರ್ಶನದಲ್ಲಿ ಒಂದು ಕೈಯಿಂದ ಅದನ್ನು ಎಳೆದುಕೊಳ್ಳುತ್ತಲೇ ಇರುತ್ತಾಳೆ. ಅವಳ ಅರ್ಧ ಬುದ್ಧಿ ಭುಜದಲ್ಲಿರುತ್ತದೆ. ಅವಳಿಗೆ ‘ಹೊರಗಿನ ರೂಪ ಮುಖ್ಯವಲ್ಲಮ್ಮ’ ಎಂದು ಹೇಳುವುದು ಸುಲಭ, ವಿಶೇಷವಾಗಿ ಹೇಳುವವರ ಬ್ಲೌಸು ಸರಿಯಾಗಿ ಹೊಲಿದಿದ್ದಾಗ.

ಬಟ್ಟೆಗೂ ನಾಚಿಕೆಗೂ ಇರುವ ನಂಟಿನ ಕೊನೆಯ ಮಾತು ಆಡಿದವಳು ಅಕ್ಕಮಹಾದೇವಿ ಎಂದು ನಾವು ತರಗತಿಗಳಲ್ಲಿ ಪಾಠ ಮಾಡುತ್ತೇವೆ. ಉಡುಗೆಯನ್ನೇ ಬಿಟ್ಟು ಹೊರಟವಳು. ಆದರೆ ಶೂನ್ಯಸಂಪಾದನೆಯಲ್ಲಿ ಅಲ್ಲಮ ಅವಳನ್ನು ಬಿಡುವುದಿಲ್ಲ. ಸೀರೆ ಬಿಟ್ಟವಳಿಗೆ ಕೂದಲ ಮರೆ ಏಕೆ ಎಂದು ಕೇಳುತ್ತಾನೆ. ಅವಳ ಉತ್ತರದ ತಾತ್ಪರ್ಯ ಇಷ್ಟು: ಮರೆ ನನಗಾಗಿ ಅಲ್ಲ, ನೋಡಿ ನೋಯುವ ನಿಮಗಾಗಿ. ಈ ಉತ್ತರವನ್ನು ಓದಿದಾಗಲೆಲ್ಲ ನನಗೆ ಭಕ್ತಿಗಿಂತ ಮೊದಲು ಆಯಾಸವಾಗುತ್ತದೆ. ಎಲ್ಲವನ್ನೂ ಬಿಟ್ಟವಳೂ ನೋಡುವವರ ಕಣ್ಣಿನ ಜವಾಬ್ದಾರಿಯನ್ನು ಮಾತ್ರ ಬಿಡಲಾಗಲಿಲ್ಲ.

ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟಿರುವುದನ್ನು ನೀವು ನೋಡಿರುತ್ತೀರಿ. ಯಾವ ಫ್ಯಾಷನ್ ಪುಟದಲ್ಲೂ ಅದರ ಚಿತ್ರ ಬಂದಿಲ್ಲ. ಅದು ಬಿಸಿಲಿಗೆ, ಕಬ್ಬಿನ ಗರಿಗೆ, ಸಿಮೆಂಟಿನ ದೂಳಿಗೆ ಅಡ್ಡ. ಮೇಸ್ತ್ರಿಯ ಕಣ್ಣಿಗೂ ಅಡ್ಡ. ಜೇಬೂ ಇದೆ, ಎಲೆ ಅಡಿಕೆ ಚೀಲಕ್ಕೆ, ಫೋನಿಗೆ. ಮೈಕಟ್ಟು ಅದರೊಳಗೆ ಮಾಯವಾಗುತ್ತದೆ. ಇದು ಸ್ವಾತಂತ್ರ್ಯವೋ ಅಸಹಾಯಕತೆಯೋ ಎಂದು ಹೊರಗಿನಿಂದ ನಿಂತು ನಾನು ತೀರ್ಪು ಕೊಡಲಾರೆ. ಬಹುಶಃ ಅವಳು ಸಂಜೆ ಅಂಗಿ ತೆಗೆದು, ಮುಖ ತೊಳೆದು, ಮಲ್ಲಿಗೆ ಮುಡಿದು ಸಂತೆಗೆ ಹೊರಡುವಾಗ ಎರಡನ್ನೂ ತಾನೇ ಆರಿಸಿಕೊಂಡಿರುತ್ತಾಳೆ, ಬಹುಶಃ ಇಲ್ಲ.

ನಾನು ಗಮನಿಸಿದಂತೆ ಮೈಯ ಬಗ್ಗೆ ನೀತಿಬೋಧೆ ಮಾಡದೆ ಮೈಯನ್ನು ಕುರಿತು ಮಾತಾಡಬಲ್ಲವರು ಒಳ್ಳೆಯ ಬ್ಲೌಸ್ ಟೈಲರ್‌ಗಳು. ಎಲ್ಲರೂ ಅಲ್ಲ. ನಾನು ಬಹಳ ವರ್ಷಗಳಿಂದ ಹೋಗುವ ಒಬ್ಬರಿದ್ದಾರೆ, ಅರವತ್ತು ದಾಟಿದ ಹೆಂಗಸು, ಮನೆಯ ಮುಂದಿನ ಕೋಣೆಯೇ ಅಂಗಡಿ. ಟೇಪು ಹಿಡಿದು ಅಳತೆ ಹೇಳುತ್ತಾರೆ, ಪಕ್ಕದಲ್ಲಿ ಕೂತ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಉದ್ದ, ಎದೆ, ಸೊಂಟ, ಭುಜ, ತೋಳು. ಅಂಕಿಯ ಜೊತೆ ವಿಶೇಷಣ ಇರುವುದಿಲ್ಲ. ‘ಹೋದ ಸಲಕ್ಕಿಂತ ಒಂದಿಂಚು ಜಾಸ್ತಿ’ ಎನ್ನುತ್ತಾರೆ, ಹಾಲಿನ ಲೆಕ್ಕ ಹೇಳುವ ದನಿಯಲ್ಲಿ. ಒಂದು ಭುಜ ತಗ್ಗು, ಒಂದು ಎತ್ತರ ಇರುವ ನನ್ನಂಥವರಿಗೆ ತಗ್ಗಿದ ಕಡೆ ಕಾಣದ ಹಾಗೆ ಒಂದು ಪದರ ಬಟ್ಟೆ ಹೆಚ್ಚಿಗೆ ಇಡುತ್ತಾರೆ. ಅದನ್ನು ಮುಚ್ಚುವುದು ಎನ್ನಿ, ಸರಿದೂಗಿಸುವುದು ಎನ್ನಿ. ಅವರು ಅದಕ್ಕೆ ಹೆಸರೇ ಇಟ್ಟಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಡುತ್ತಾರೆ. ಎರಡು ಮೂರು ಸಾಲು ಹೊಲಿಗೆ. ಮೈ ಬಂದರೆ ಒಂದು ಸಾಲು ಬಿಚ್ಚಿದರಾಯಿತು. ಮೈ ಇಳಿದರೆ ಇನ್ನೊಂದು ಸಾಲು ಹಾಕಿದರಾಯಿತು. ಮದುವೆಯ ಬ್ಲೌಸನ್ನೇ ಮಗುವಿನ ನಾಮಕರಣಕ್ಕೂ, ಮುಂದೆ ಅದೇ ಮಗುವಿನ ಮದುವೆಗೂ ತೊಟ್ಟವರಿದ್ದಾರೆ. ಮೈ ಬದಲಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಅದನ್ನು ತಪ್ಪೆಂದು ಕರೆಯದೆ ಕತ್ತರಿಸಿದ ಬಟ್ಟೆ ಅದು. ರೆಡಿಮೇಡ್ ಬಟ್ಟೆ ಬಿಚ್ಚಿ ನೋಡಿ, ಒಳಗೆ ಕಾಲಿಂಚೂ ಬಿಟ್ಟಿರುವುದಿಲ್ಲ. ಲಕ್ಷಾಂತರ ಬಟ್ಟೆಗೆ ಕಾಲಿಂಚು ಎಂದರೆ ಕಂಪನಿಗೆ ಎಷ್ಟು ಥಾನು ಉಳಿತಾಯ ಎಂದು ಲೆಕ್ಕ ಹಾಕಬಹುದು.

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಎಥ್ನಿಕ್ ಡೇ ಮಾಡುತ್ತಾರೆ. ಆ ಬೆಳಿಗ್ಗೆ ಹುಡುಗಿಯರ ವಿಶ್ರಾಂತಿ ಕೋಣೆ ಒಂದು ಹೊಲಿಗೆ ಕಾರ್ಖಾನೆ. ಅರ್ಧಕ್ಕರ್ಧ ಜನ ಮೊದಲ ಸಲ ಸೀರೆ ಉಡುವವರು, ಅಮ್ಮನ ಸೀರೆ, ಅಕ್ಕನ ಬ್ಲೌಸು, ಸಾಲ ತಂದ ಝುಮಕಿ. ಒಬ್ಬಳು ನೆರಿಗೆ ಹಿಡಿದರೆ ಇನ್ನೊಬ್ಬಳು ಕೆಳಗೆ ಕೂತು ಎಳೆಯುತ್ತಾಳೆ. ಹೋದ ವರ್ಷ ಎರಡನೇ ಬಿ.ಎ.ಯ ಹುಡುಗಿಯೊಬ್ಬಳು, ಮಾತು ಕಮ್ಮಿ, ಮೈ ಕೊಂಚ ಭಾರ, ಮೆಂತ್ಯದ ಬಣ್ಣದ ಕಾಟನ್ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತು ಕೇಳಿದಳು: ‘ಮ್ಯಾಮ್, ದಪ್ಪ ಕಾಣ್ತೀನಾ?’

ಸತ್ಯವನ್ನೇ ನುಡಿಯಬೇಕೆಂಬ ಕಾಂಟ್ ಅಲ್ಲಿದ್ದರೆ ಏನು ಹೇಳುತ್ತಿದ್ದನೋ. ಇಲ್ಲ ಎಂದರೆ ಅವಳು ನಂಬುವುದಿಲ್ಲ, ಕನ್ನಡಿ ಎದುರಿಗೇ ಇದೆ. ಹೌದು ಎಂದರೆ ಅವಳು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟಂತೆ. ಗಂಜಿ ಹಾಕಿದ ಕಾಟನ್ ಬದಲು ಕ್ರೇಪ್ ಉಡಬಹುದಿತ್ತು ಎಂದು ನನ್ನೊಳಗಿನ ಮಹಿಳಾ ಪುಟ ಪಿಸುಗುಟ್ಟಿತು, ಸುಳ್ಳೇಕೆ ಹೇಳಲಿ.

‘ಕೈ ಎತ್ತಿ ನೋಡು’ ಎಂದೆ.

ಎತ್ತಿದಳು. ಭುಜದ ಪಿನ್ನು ಜಗ್ಗಿ ಸೆರಗು ಬಿಗಿಯಿತು, ಬ್ಲೌಸು ಕಂಕುಳಲ್ಲಿ ಹಿಡಿಯಿತು. ಪಿನ್ನು ತೆಗೆದು ಸೆರಗು ಎರಡಿಂಚು ಸಡಿಲ ಬಿಟ್ಟು ಮತ್ತೆ ಹಾಕಿದೆವು. ಅವಳ ಗೆಳತಿ ಬ್ಯಾಗಿನಿಂದ ಬ್ಲೇಡ್ ತೆಗೆದು ಪಕ್ಕದ ಹೊಲಿಗೆ ಒಂದು ಸಾಲು ಬಿಚ್ಚಿದಳು. ಅಕ್ಕನ ಬ್ಲೌಸು, ಒಳಗೆ ಬಟ್ಟೆ ಇತ್ತು. ‘ಈಗ ಕೂತು ನೋಡು. ಎರಡು ಮೆಟ್ಟಿಲು ಹತ್ತಿ ಬಾ.’ ಬಾಗಿಲಾಚೆ ಹೋಗಿ ಮೆಟ್ಟಿಲು ಹತ್ತಿದವಳು ಕೆಳಗಿಳಿದು ಬರಲಿಲ್ಲ. ಮೇಲಿನಿಂದ ಡೊಳ್ಳಿನ ಸದ್ದು ಕೇಳುತ್ತಿತ್ತು, ಹಾಗೇ ಹೋದಳು ಎಂದು ಗೆಳತಿ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.